ವೀಸಾ ಇಲ್ಲದೆ ಥಾಯ್ಲೆಂಡಿಗೆ: ಮಾಡಬೇಕಾದ್ದು, ಮಾಡಬಾರದ್ದು

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಡ ಎಂಬ ನಿಯಮವನ್ನು ಥಾಯ್ಲೆಂಡ್ ಜಾರಿಗೆ ತಂದದ್ದು 2023ರ ನವೆಂಬರ್ 10ರಂದು. ಆಗ ಕೊಟ್ಟದ್ದು 30 ದಿನ. 2024ರ ಜುಲೈ 15ರಿಂದ ಒಟ್ಟು 93 ದೇಶಗಳ ಪ್ರವಾಸಿಗಳಿಗೆ 60 ದಿನ ಎಂದಾಯಿತು, ಭಾರತವೂ ಆ ಪಟ್ಟಿಯಲ್ಲಿ ಸೇರಿತು. ಈಗ ಬೆಂಗಳೂರಿನವರು ಬ್ಯಾಂಕಾಕಿಗೆ, ಫುಕೆಟ್‌ಗೆ ಟಿಕೆಟ್ ತೆಗೆಯುವುದು ಗೋವಾಕ್ಕೆ ಹೊರಟಷ್ಟೇ ಸಲೀಸಾಗಿದೆ. ಹೋಗಿ ಬರಲಿ, ಸಂತೋಷ. ಆದರೆ ಆ 60 ದಿನ ತಮ್ಮ ಸ್ವತ್ತು ಎಂದುಕೊಂಡು ಹೋದವರು ಕೌಂಟರಿನಿಂದಲೇ ವಾಪಸ್ ಬಂದಿದ್ದಾರೆ, ದಂಡ ತೆತ್ತಿದ್ದಾರೆ, ವರ್ಷಗಟ್ಟಲೆ ನಿಷೇಧ ಹಾಕಿಸಿಕೊಂಡಿದ್ದಾರೆ. ಇನ್ನು ಕೆಲವರು, ಅದರಲ್ಲೂ ಕೆಲಸ ಹುಡುಕುತ್ತಿದ್ದ ಹುಡುಗರು, 'ವೀಸಾ ಬೇಡ, ಬಂದುಬಿಡು' ಎಂಬ ಒಂದು ಮಾತನ್ನು ನಂಬಿ ಮ್ಯಾನ್ಮಾರ್ ಗಡಿಯಾಚೆ ಸೆರೆಯಾಗಿದ್ದಾರೆ.

ಹಾಗಾಗಿ ಮೊದಲೇ ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಿ. ವೀಸಾ ಇಲ್ಲದೆ ಹೊರಟವರ ಕೈಯಲ್ಲಿ ಮುಂಚಿತವಾಗಿ ಪಡೆದ ಅನುಮತಿ ಯಾವುದೂ ಇರುವುದಿಲ್ಲ. ಇಳಿದ ಮೇಲೆ ಕೌಂಟರಿನಲ್ಲಿ ಕೂತ ಅಧಿಕಾರಿ ನೋಡಿ, ಕೇಳಿ, ಒಪ್ಪಿದರೆ ಮಾತ್ರ ಪ್ರವೇಶ. ಗಡಿ ದಾಟಿ ಹೊರಗೆ ಹೋಗಿ ಮರಳಿ ಬಂದರೆ ಆ ವಿಚಾರಣೆ ಮತ್ತೆ ಮೊದಲಿನಿಂದ. ಕೆಳಗೆ ಬರೆದಿರುವ ಪ್ರತಿಯೊಂದು ಮಾತಿಗೂ ಇದೇ ಬುಡ.

ಹೊರಡುವ ಮುಂಚೆ

ಹೊರಡುವ ವಾರದಲ್ಲಿ ನಿಯಮವನ್ನು ಇನ್ನೊಮ್ಮೆ ನೋಡಿ. 60 ದಿನವನ್ನು ಮತ್ತೆ 30ಕ್ಕೆ ಇಳಿಸಬೇಕೆಂಬ ಮಾತು ಅಲ್ಲಿನ ಸರ್ಕಾರದಲ್ಲಿ 2025ರಿಂದ ನಡೆದಿದೆ. ಹೋದ ವರ್ಷ ಹೋಗಿಬಂದ ಭಾವ ಹೇಳಿದ್ದು, ವಾಟ್ಸಾಪಿನಲ್ಲಿ ಬಂದದ್ದು, ಟ್ರಾವೆಲ್ ಏಜೆಂಟ್ ಬಾಯಲ್ಲಿ ಹೇಳಿದ್ದು ಇವ್ಯಾವುದೂ ಆಧಾರವಲ್ಲ. ಭಾರತದಲ್ಲಿರುವ ಥಾಯ್ ರಾಯಭಾರ ಕಚೇರಿಯ ಅಧಿಕೃತ ಪುಟವೊಂದೇ ಆಧಾರ. ಅಲ್ಲಿ ಎಷ್ಟು ದಿನ ಎಂದು ಬರೆದಿದೆಯೋ ಅಷ್ಟಕ್ಕೇ ಹೋಟೆಲು, ವಾಪಸಾಗುವ ಟಿಕೆಟ್ಟು ಹೊಂದಿಸಿಕೊಳ್ಳಿ.

ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಇರಲಿ. ಖಾಲಿ ಪುಟ ಇರಲಿ. ನೀರು ಬಿದ್ದು ಉಬ್ಬಿದ, ಹೊಲಿಗೆ ಬಿಟ್ಟ, ಮೂಲೆ ಹರಿದ ಪಾಸ್‌ಪೋರ್ಟ್ ಹಿಡಿದು ಹೊರಡಬೇಡಿ. ಅಂಥವರನ್ನು ವಿಮಾನ ಹತ್ತಿಸದೆ ಬಿಡುವ ಅಧಿಕಾರ ವಿಮಾನ ಸಂಸ್ಥೆಗೇ ಇದೆ. ನಿಮ್ಮನ್ನು ಅಲ್ಲಿ ಒಳಗೆ ಬಿಡದಿದ್ದರೆ ವಾಪಸ್ ಕರೆತರುವ ಹೊಣೆ ಅದರ ತಲೆಯ ಮೇಲೆ ಬೀಳುತ್ತದೆ. ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ಅಷ್ಟೊಂದು ಪ್ರಶ್ನೆ ಕೇಳುವುದು ಅದಕ್ಕೇ.

ಡಿಜಿಟಲ್ ಅರೈವಲ್ ಕಾರ್ಡ್ ತುಂಬಿ. 2025ರ ಮೇ 1ರಿಂದ ಇದು ಕಡ್ಡಾಯ. ವಿಮಾನದಲ್ಲಿ ಕೊಡುತ್ತಿದ್ದ ಕಾಗದದ ಚೀಟಿಯ ಕಾಲ ಮುಗಿಯಿತು. ತಲುಪುವ ದಿನಕ್ಕೆ ಮೂರು ದಿನದ ಒಳಗೆ ಥಾಯ್ ಇಮಿಗ್ರೇಷನ್ ಇಲಾಖೆಯ ಜಾಲತಾಣದಲ್ಲೇ ತುಂಬಬೇಕು, ಕೊನೆಗೆ ಬರುವ ಕ್ಯೂಆರ್ ಕೋಡನ್ನು ಇಟ್ಟುಕೊಳ್ಳಬೇಕು. ಕೂಸಿಗೂ ಬೇಕು, ಅಜ್ಜಿಗೂ ಬೇಕು. ಇದಕ್ಕೆ ಒಂದು ಪೈಸೆಯೂ ಶುಲ್ಕವಿಲ್ಲ. ಹಣ ಕೇಳುವ ಪುಟ ತೆರೆದುಕೊಂಡಿತು ಎಂದರೆ ಅದು ಸರ್ಕಾರದ್ದಲ್ಲ, ತಕ್ಷಣ ಮುಚ್ಚಿ. ಇಂಥ ಪುಟಗಳು ಹುಡುಕಿದರೆ ಮೊದಲ ಸಾಲಿನಲ್ಲೇ ಬರುತ್ತವೆ, ನೋಡಲು ಸರ್ಕಾರದ್ದರಂತೆಯೇ ಇರುತ್ತವೆ, ಪಾಸ್‌ಪೋರ್ಟಿನ ವಿವರವನ್ನೂ ಕಾರ್ಡಿನ ನಂಬರನ್ನೂ ಒಟ್ಟಿಗೆ ಕಸಿಯುತ್ತವೆ. ಗುಂಪಿನಲ್ಲಿ ಹೋಗುವವರು ಟೂರ್ ಮ್ಯಾನೇಜರ್ ಫೋನಿನಲ್ಲಿ ಎಲ್ಲರದ್ದೂ ಇದೆ ಎಂದು ಸುಮ್ಮನಿರಬೇಡಿ. ಅವರು ಮುಂದಿನ ಸಾಲಿನಲ್ಲಿ ದಾಟಿಹೋಗಿ, ನೀವು ಹಿಂದೆ ಉಳಿದರೆ ಆ ಕೋಡು ನಿಮಗೆ ಸಿಗುವುದಿಲ್ಲ. ನಿಮ್ಮ ನಿಮ್ಮ ಕೋಡಿನ ಜೆರಾಕ್ಸ್ ನಿಮ್ಮ ನಿಮ್ಮ ಕೈಯಲ್ಲಿರಲಿ.

ವಾಪಸಾಗುವ ಟಿಕೆಟ್ ನಿಜವಾದದ್ದೇ ಇರಲಿ. ತೋರಿಸಲಿಕ್ಕೆಂದೇ 'ಡಮ್ಮಿ' ಬುಕಿಂಗ್ ಮಾಡಿಕೊಡುವವರಿದ್ದಾರೆ. ಅವರ ಬಳಿ ಹೋಗಬೇಡಿ. ಎರಡು ದಿನದಲ್ಲಿ ತಾನಾಗಿ ರದ್ದಾಗುವ ಆ ಬುಕಿಂಗನ್ನು ಅಧಿಕಾರಿ ಪರೀಕ್ಷಿಸಿದರೆ ನೀವು ಸುಳ್ಳು ದಾಖಲೆ ಕೊಟ್ಟವರಾಗುತ್ತೀರಿ. ಒಬ್ಬರಿಗೆ 20,000 ಬಾತ್‌ಗೆ ಸಮನಾದ ಹಣ ನಗದಾಗಿ ಇಟ್ಟುಕೊಂಡಿದ್ದರೆ ಕೇಳಿದಾಗ ತಡಬಡಾಯಿಸಬೇಕಿಲ್ಲ. ಬರೀ ಕಾರ್ಡ್ ಇದೆ, ಫೋನಿನಲ್ಲಿ ಯುಪಿಐ ಇದೆ ಎಂಬ ಉತ್ತರ ಅಲ್ಲಿ ನಡೆಯುತ್ತದೆಂದು ನಂಬಿ ಹೋಗಬೇಡಿ.

ಕೌಂಟರಿನ ಮುಂದೆ

ಮನೆಮಂದಿ ಒಟ್ಟಿಗೆ ನಿಲ್ಲಿ. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದ ಅಪ್ಪ ಅಮ್ಮನನ್ನು ಇನ್ನೊಂದು ಸಾಲಿಗೆ ಕಳಿಸಬೇಡಿ. ಹೋಟೆಲಿನ ಹೆಸರು, ವಿಳಾಸ, ಫೋನ್ ನಂಬರು ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ ಅವರ ಜೇಬಿನಲ್ಲಿ, ಪರ್ಸಿನಲ್ಲಿ ಇರಲಿ. ಎಷ್ಟು ದಿನ, ಎಲ್ಲಿ ಉಳಿಯುವುದು, ಯಾಕೆ ಬಂದಿರಿ ಎಂಬ ಮೂರು ಪ್ರಶ್ನೆಗೆ ನಿಜವನ್ನೇ ಹೇಳಿ. ನೋಡಲಿಕ್ಕೆ ಬಂದಿದ್ದರೆ ಹಾಗೆ ಹೇಳಿ. ಕಂಪನಿಯ ಮಾತುಕತೆಗೆ ಬಂದಿದ್ದರೆ ಅದನ್ನೇ ಹೇಳಿ, ಅಲ್ಪಾವಧಿಯ ವ್ಯಾಪಾರದ ಮಾತುಕತೆಗೂ ಈ ಸೌಲಭ್ಯದಲ್ಲಿ ಅವಕಾಶ ಇದೆ. ಏಜೆಂಟ್ ಬಾಯಿಪಾಠ ಮಾಡಿಸಿದ ಉತ್ತರ ಹೇಳಬೇಡಿ. ಇಂತಿಂಥ ಮಾತನ್ನು ಹೇಳು, ಇಂಥದ್ದನ್ನು ಹೇಳಬೇಡ ಎಂದು ಯಾರಾದರೂ ಕಲಿಸಿ ಕಳಿಸುತ್ತಿದ್ದಾರೆ ಎಂದರೆ ಆ ಪ್ರಯಾಣದಲ್ಲೇ ಏನೋ ಕೆಟ್ಟದ್ದಿದೆ.

ಅಧಿಕಾರಿ ಪಾಸ್‌ಪೋರ್ಟ್ ಕೈಗೆ ಕೊಟ್ಟ ಕೂಡಲೇ, ಅಲ್ಲೇ ನಿಂತು ಪುಟ ತೆರೆದು ನೋಡಿ. ಮೊಹರಿನಲ್ಲಿ ಎರಡು ದಿನಾಂಕ ಇರುತ್ತವೆ: ನೀವು ಬಂದ ದಿನ, ಮತ್ತು 'ಅಡ್ಮಿಟೆಡ್ ಅಂಟಿಲ್' ಎಂಬುದರ ಮುಂದೆ ನೀವು ಇರಬಹುದಾದ ಕೊನೆಯ ದಿನ. ಮಸಿ ಹರಡಿ ಓದಲಾಗದಿದ್ದರೆ, ದಿನ ತಪ್ಪಾಗಿ ಬಿದ್ದಿದ್ದರೆ, ಅಲ್ಲೇ ಕೇಳಿ ಸರಿಮಾಡಿಸಿ. ಲಗೇಜ್ ತೆಗೆದುಕೊಂಡು ಹೊರಗೆ ಬಂದ ಮೇಲೆ ಆ ತಪ್ಪು ನಿಮ್ಮದೇ. ಪತ್ರಿಕೆಗಳಲ್ಲಿ 60 ಎಂದು ಬರೆದಿರಲಿ, ಸುತ್ತೋಲೆಯಲ್ಲಿ ಇರಲಿ, ನಿಮ್ಮ ಮಟ್ಟಿಗೆ ಆ ಮೊಹರಿನ ದಿನಾಂಕವೇ ಕಾನೂನು. ಆ ಪುಟದ ಫೋಟೋ ತೆಗೆದು ಮನೆಯವರಿಗೊಂದು ಪ್ರತಿ ಕಳಿಸಿ.

ದಿನದ ಲೆಕ್ಕ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಬಂದ ದಿನವೂ ಲೆಕ್ಕಕ್ಕೆ ಸೇರುತ್ತದೆ. ರಾತ್ರಿ 11 ಗಂಟೆಗೆ ಇಳಿದರೂ ಅದು ಮೊದಲನೆಯ ದಿನವೇ. 60 ದಿನ ಎಂದರೆ ಎರಡು ತಿಂಗಳು ಎಂದು ಎಣಿಸಬೇಡಿ. ನವೆಂಬರ್ 10ರಂದು ಇಳಿದವರನ್ನು ತೆಗೆದುಕೊಳ್ಳಿ. ನವೆಂಬರಿನಲ್ಲಿ 21 ದಿನ, ಡಿಸೆಂಬರಿನಲ್ಲಿ 31, ಒಟ್ಟು 52. ಉಳಿದದ್ದು 8. ಕೊನೆಯ ದಿನ ಜನವರಿ 8. ಎರಡು ತಿಂಗಳು ತುಂಬುವುದು ಜನವರಿ 10ಕ್ಕಲ್ಲವೇ ಎಂದು ಅವತ್ತಿನ ಟಿಕೆಟ್ ತೆಗೆದವರು ಎರಡು ದಿನ ಮೀರಿ ಕೂತವರಾದರು.

ಮಧ್ಯರಾತ್ರಿಯ ವಿಮಾನ ಇನ್ನೊಂದು ಬಲೆ. ಬ್ಯಾಂಕಾಕಿನಿಂದ ತಡರಾತ್ರಿ, ಹನ್ನೆರಡು ದಾಟಿದ ಮೇಲೆ ಹೊರಡುವ ವಿಮಾನಗಳಿವೆ. ನಿಮ್ಮ ಕೊನೆಯ ದಿನ 8 ಆಗಿದ್ದು ವಿಮಾನ ರಾತ್ರಿ ಹನ್ನೆರಡೂವರೆಗೆ ಇದ್ದರೆ ಟಿಕೆಟಿನಲ್ಲಿರುವುದು 9ನೇ ತಾರೀಖು. ಇಮಿಗ್ರೇಷನ್ ಕೌಂಟರನ್ನು ನೀವು ಹನ್ನೆರಡರ ಒಳಗೆ ದಾಟಿದರೆ 8ರ ಮೊಹರು ಬೀಳುತ್ತದೆ. ಸಾಲು ಉದ್ದವಿದ್ದು ಹನ್ನೆರಡು ಹೊಡೆದರೆ 9ರದ್ದು. ಇಂಥ ಜೂಜು ಆಡಬೇಡಿ. ಕೊನೆಯ ದಿನಕ್ಕೆ ಎರಡು ಮೂರು ದಿನ ಮುಂಚೆಯೇ ಹೊರಡುವಂತೆ ಟಿಕೆಟ್ ತೆಗೆಯಿರಿ. ವಿಮಾನ ರದ್ದಾದರೂ, ಜ್ವರ ಬಂದು ಮಲಗಿದರೂ ಕೈಯಲ್ಲಿ ದಿನ ಇರುತ್ತದೆ.

ದಿನ ಸಾಲದೆ ಬಂದರೆ ಕಾನೂನಿನ ದಾರಿ ಇದೆ. ನೀವು ಉಳಿದ ಪ್ರಾಂತದ ಇಮಿಗ್ರೇಷನ್ ಕಚೇರಿಗೆ ಹೋಗಿ, ಟಿಎಂ 7 ಎಂಬ ಅರ್ಜಿ ತುಂಬಿ, 1,900 ಬಾತ್ ಕಟ್ಟಿದರೆ 30 ದಿನ ವಿಸ್ತರಣೆ ಕೇಳಬಹುದು. ಬ್ಯಾಂಕಾಕಿನಲ್ಲಿ ಆ ಕಚೇರಿ ಚೇಂಗ್ ವತ್ತನ ರಸ್ತೆಯ ಸರ್ಕಾರಿ ಸಂಕೀರ್ಣದಲ್ಲಿದೆ, ನಗರದ ಉತ್ತರಕ್ಕೆ, ದೂರ. ಬೆಳಿಗ್ಗೆ ಹೋದವರಿಗೆ ಮಧ್ಯಾಹ್ನದ ಒಳಗೆ ಕೆಲಸವಾಗುತ್ತದೆ, ಹನ್ನೊಂದಕ್ಕೆ ಹೋದವರಿಗೆ ದಿನವೇ ಹೋಗುತ್ತದೆ. ಪಾಸ್‌ಪೋರ್ಟಿನ ಭಾವಚಿತ್ರದ ಪುಟ ಮತ್ತು ಮೊಹರಿನ ಪುಟದ ಜೆರಾಕ್ಸ್, ಪ್ರತಿಯೊಂದರ ಮೇಲೂ ನಿಮ್ಮ ಸಹಿ, 4×6 ಸೆಂಟಿಮೀಟರಿನ ಫೋಟೋ, ಉಳಿದ ವಿಳಾಸದ ದಾಖಲೆ ಒಯ್ಯಿರಿ. ಆ ವಿಳಾಸದ ದಾಖಲೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ವಿದೇಶೀಯರು ಉಳಿದದ್ದನ್ನು 24 ಗಂಟೆಯೊಳಗೆ ಇಮಿಗ್ರೇಷನ್ನಿಗೆ ತಿಳಿಸುವುದು ಮನೆಯ ಒಡೆಯರ ಕರ್ತವ್ಯ ಎಂದು ಅಲ್ಲಿನ 1979ರ ವಲಸೆ ಕಾಯ್ದೆ ಹೇಳುತ್ತದೆ. ಅದರ ಅರ್ಜಿಗೆ ಟಿಎಂ 30 ಎಂದು ಹೆಸರು. ಹೋಟೆಲಿನವರು ತಾವಾಗಿ ಮಾಡುತ್ತಾರೆ. ಆ್ಯಪಿನಲ್ಲಿ ಹಿಡಿದ ಅಪಾರ್ಟ್‌ಮೆಂಟು, ಸ್ನೇಹಿತರ ಮನೆ ಎಂದಾದರೆ ಬಹಳ ಸಲ ಯಾರೂ ಮಾಡಿರುವುದಿಲ್ಲ, ವಿಸ್ತರಣೆ ಕೇಳಲು ಹೋದಾಗ ಅದು ಬೆಳಕಿಗೆ ಬರುತ್ತದೆ. ಮನೆ ಹಿಡಿಯುವಾಗಲೇ ಕೇಳಿ ರಸೀದಿ ಇಸಿದುಕೊಳ್ಳಿ.

ಕೊನೆಯ ದಿನದ ತನಕ ಕಾಯಬೇಡಿ. ಶನಿವಾರ, ಭಾನುವಾರ ಕಚೇರಿ ಮುಚ್ಚಿರುತ್ತದೆ. ಏಪ್ರಿಲ್ ಮಧ್ಯದಲ್ಲಿ ಸೊಂಕ್ರಾನ್ ಹಬ್ಬಕ್ಕೆ ಸಾಲು ರಜೆ. ವಿಸ್ತರಣೆ ಕೊಟ್ಟೇ ಕೊಡಬೇಕೆಂಬ ನಿಯಮವಿಲ್ಲ. ಬೇಗ ಅರ್ಜಿ ಹಾಕಿದರೆ ದಿನ ನಷ್ಟವಾಗುವುದಿಲ್ಲ, ಇದ್ದ ಕೊನೆಯ ದಿನದ ಮುಂದಕ್ಕೇ 30 ಸೇರುತ್ತದೆ. ಹೊರಗೆ ನಿಂತು 'ನಾನು ಮಾಡಿಸಿಕೊಡುತ್ತೇನೆ, ಪಾಸ್‌ಪೋರ್ಟ್ ಕೊಡಿ' ಎನ್ನುವವರಿಗೆ ಪಾಸ್‌ಪೋರ್ಟ್ ಕೊಡಬೇಡಿ. ನಕಲಿ ಮೊಹರು ಸಿಕ್ಕಿದರೆ ಜೈಲಿಗೆ ಹೋಗುವವರು ಪಾಸ್‌ಪೋರ್ಟಿನ ಒಡೆಯರೇ.

ಹೊರಗೆ ಹೋಗಿ ಮರಳಿ ಬರುವುದು

ವೀಸಾ ಇಲ್ಲದೆ ಬಂದವರು ಗಡಿ ದಾಟಿದ ಕ್ಷಣ ಉಳಿದ ದಿನಗಳು ಮುಗಿದವು. ಹತ್ತು ದಿನ ಬ್ಯಾಂಕಾಕಿನಲ್ಲಿದ್ದು, ವಿಯೆಂಟಿಯಾನ್ ನೋಡಿ ಬರೋಣ ಎಂದು ಲಾವೋಸಿಗೆ ಹೋದರೆ, ಬಾಕಿ 50 ದಿನ ನಿಮಗಾಗಿ ಕಾಯುತ್ತಿರುವುದಿಲ್ಲ. ಮರಳುವಾಗ ಹೊಸ ಅರೈವಲ್ ಕಾರ್ಡು, ಹೊಸ ಪ್ರಶ್ನೆ, ಹೊಸ ಮೊಹರು, ಅಥವಾ ನಿರಾಕರಣೆ. ವೀಸಾ ಪಡೆದು ದೀರ್ಘಕಾಲ ಇರುವವರಿಗೆ ಹೊರಡುವ ಮುಂಚೆ ರೀ-ಎಂಟ್ರಿ ಪರ್ಮಿಟ್ ತೆಗೆದುಕೊಳ್ಳುವ ವ್ಯವಸ್ಥೆ ಇದೆ, ಒಂದು ಸಲಕ್ಕೆ 1,000 ಬಾತ್. ಅದನ್ನು ತೆಗೆಯದೆ ಹೊರಟರೆ ಅವರ ವಾಸದ ಅನುಮತಿಯೂ ಹೋಯಿತು. ಅಲ್ಲಿ ಓದುವ, ಕೆಲಸ ಮಾಡುವ ನಮ್ಮವರು ಅಣ್ಣನ ಮದುವೆ, ಅಜ್ಜನ ಸಾವು ಎಂದು ಗಡಿಬಿಡಿಯಲ್ಲಿ ಊರಿಗೆ ಓಡಿ ಬರುವಾಗ ಇದನ್ನು ಮರೆಯಬಾರದು.

ಭೂಗಡಿಯ ನಿಯಮ ಇನ್ನೂ ಬಿಗಿ. ವೀಸಾ ವಿನಾಯಿತಿಯಲ್ಲಿ ರಸ್ತೆ, ರೈಲಿನ ದಾರಿಯಿಂದ ಒಳಬರಲು ಒಂದು ಕ್ಯಾಲೆಂಡರ್ ವರ್ಷದಲ್ಲಿ ಎರಡೇ ಸಲ ಅವಕಾಶ. 2016ರ ಡಿಸೆಂಬರ್ 31ರಿಂದ ಇದು ಜಾರಿಯಲ್ಲಿದೆ. ಲೆಕ್ಕ ಜನವರಿ 1ರಿಂದ ಡಿಸೆಂಬರ್ 31ರ ತನಕ. ಕ್ವಾಲಾಲಂಪುರ, ಪೆನಾಂಗ್‌ಗಳಲ್ಲಿ ಕೆಲಸದಲ್ಲಿರುವ ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಮಲೇಷ್ಯಾದ ಸಹೋದ್ಯೋಗಿಗಳ ಕಾರಿನಲ್ಲಿ ವಾರಾಂತ್ಯಕ್ಕೆ ಥಾಯ್ಲೆಂಡಿನ ಹಾಟ್ ಯಾಯ್‌ಗೆ ಹೋಗಿಬರುವುದು ಅಲ್ಲಿ ಮಾಮೂಲು. ಮಲೇಷ್ಯಾದವರಿಗೆ ಈ ಎರಡರ ಮಿತಿ ಇಲ್ಲ, ಭಾರತದ ಪಾಸ್‌ಪೋರ್ಟಿನವರಿಗೆ ಇದೆ. ಮೂರನೆಯ ಸಲ ಸಡಾವೊ ಗಡಿಯಲ್ಲಿ ಕಾರು ಮುಂದೆ ಹೋಗುತ್ತದೆ, ನಿಮ್ಮನ್ನು ಇಳಿಸಿ ವಾಪಸ್ ಕಳಿಸುತ್ತಾರೆ. ಆ ಗಡಿಯಲ್ಲಿ ಇನ್ನೊಂದು ಎಚ್ಚರ: ಮಲೇಷ್ಯಾದ ಗಡಿಯಾರ ಒಂದು ಗಂಟೆ ಮುಂದಿದೆ, ಠಾಣೆ ರಾತ್ರಿ ಬಾಗಿಲು ಹಾಕುವುದರಿಂದ ಸಂಜೆ ತಡಮಾಡಿ ಹೊರಡಬೇಡಿ. ಮಲೇಷ್ಯಾಕ್ಕೂ ಅದರದೇ ಡಿಜಿಟಲ್ ಕಾರ್ಡ್ ಬೇಕು.

ವಿಮಾನದಲ್ಲಿ ಬಂದರೆ ಎಷ್ಟು ಸಲವಾದರೂ ಬರಬಹುದು ಎಂಬ ಮಾತನ್ನೂ ನಂಬಬೇಡಿ. ಸಂಖ್ಯೆ ಕಾಗದದಲ್ಲಿ ಬರೆದಿಲ್ಲದಿರಬಹುದು, ಪಾಸ್‌ಪೋರ್ಟಿನ ಪುಟ ತಿರುವಿದರೆ ಅಧಿಕಾರಿಗೆ ಎಲ್ಲವೂ ಕಾಣುತ್ತದೆ. 58ನೇ ದಿನ ಹೊರಗೆ, 60ನೇ ದಿನ ಒಳಗೆ; ಮತ್ತೆ 59ನೇ ದಿನ ಹೊರಗೆ, ಮರುದಿನ ಒಳಗೆ. ಇಂಥವರು ಪ್ರವಾಸಿಗಳಲ್ಲ, ವೀಸಾ ಇಲ್ಲದೆ ಅಲ್ಲೇ ಬದುಕುತ್ತಿರುವವರು ಎಂದು ಇಲಾಖೆ ತೀರ್ಮಾನಿಸುತ್ತದೆ, ಅದು ನ್ಯಾಯವಾದ ತೀರ್ಮಾನವೇ. 2025ರ ನವೆಂಬರಿನಲ್ಲಿ ಥಾಯ್ ಇಮಿಗ್ರೇಷನ್ ಇದನ್ನು ಬಹಿರಂಗವಾಗಿ ಸಾರಿತು: ಸರಿಯಾದ ಕಾರಣವಿಲ್ಲದೆ ಎರಡಕ್ಕಿಂತ ಹೆಚ್ಚು ಸಲ ಈ 'ವೀಸಾ ರನ್' ಮಾಡಿದವರನ್ನು ಒಳಗೆ ಬಿಡುವುದಿಲ್ಲ. ಬೆಳಿಗ್ಗೆ ವ್ಯಾನಿನಲ್ಲಿ ಕರೆದೊಯ್ದು, ಗಡಿಯಾಚೆ ಒಂದು ಮೊಹರು ಹಾಕಿಸಿ, ಸಂಜೆಗೆ ವಾಪಸ್ ತಂದುಬಿಡುತ್ತೇವೆ ಎಂಬ ಜಾಹೀರಾತುಗಳು ಬ್ಯಾಂಕಾಕ್, ಪಟ್ಟಾಯದಲ್ಲಿ ಇನ್ನೂ ಕಾಣುತ್ತವೆ. ಅಂಥ ವ್ಯಾನು ಹತ್ತಬೇಡಿ. ಆಚೆ ದೇಶಕ್ಕೆ ಕಾಲಿಟ್ಟ ಮೇಲೆ ಈಚೆಯವರು ಬೇಡ ಎಂದರೆ ನಿಮ್ಮ ಬಟ್ಟೆಬರೆ ಎಲ್ಲ ಬ್ಯಾಂಕಾಕಿನ ಕೋಣೆಯಲ್ಲಿ, ನೀವು ಸೇತುವೆಯ ಇನ್ನೊಂದು ತುದಿಯಲ್ಲಿ.

ಯಾವ ಗಡಿ ತೆರೆದಿದೆ ಎಂಬುದನ್ನೂ ಅವತ್ತೇ ವಿಚಾರಿಸಬೇಕು. ಅರಣ್ಯಪ್ರಥೇಟ್–ಪೊಯ್‌ಪೆಟ್ ದಾರಿಯಿಂದ ಅಂಕೋರ್ ವಾಟ್ ನೋಡಲು ಹೋಗುವುದು ವರ್ಷಾನುಗಟ್ಟಲೆ ಎಲ್ಲ ಪ್ರವಾಸಿಗಳ ರೂಢಿಯಾಗಿತ್ತು. 2025ರ ಮಧ್ಯಭಾಗದಲ್ಲಿ ಥಾಯ್ಲೆಂಡ್, ಕಂಬೋಡಿಯ ನಡುವೆ ಗುಂಡು ಹಾರಿ ಆ ಗಡಿಯ ಠಾಣೆಗಳು ಮುಚ್ಚಿದವು. ಹಳೆಯ ಪ್ರವಾಸ ಕಥನ ಓದಿ, ಹಳೆಯ ವೀಡಿಯೊ ನೋಡಿ ಬಸ್ ಹತ್ತಬೇಡಿ.

ವರ್ಷದಲ್ಲಿ ಹಲವು ತಿಂಗಳು ಅಲ್ಲಿರಬೇಕು ಎನ್ನುವವರು ವೀಸಾವನ್ನೇ ಪಡೆಯಿರಿ. 2025ರ ಜನವರಿ 1ರಿಂದ ಥಾಯ್ ಇ-ವೀಸಾ ಎಲ್ಲ ಕಡೆ ಬಂದಿದೆ, ಭಾರತದಿಂದಲೂ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಬೆಂಗಳೂರಿನ ಕಂಪನಿಗೆ ಲ್ಯಾಪ್‌ಟಾಪಿನಲ್ಲಿ ದುಡಿಯುತ್ತಾ ಚಿಯಾಂಗ್ ಮಾಯ್‌ನಲ್ಲಿ ಇರಲು ಬಯಸುವ ತರುಣರಿಗಾಗಿಯೇ ಡಿಟಿವಿ ಎಂಬ ವೀಸಾ ಇದೆ: ಐದು ವರ್ಷ ಅವಧಿ, ಪ್ರತಿ ಪ್ರವೇಶಕ್ಕೆ 180 ದಿನ, ಐದು ಲಕ್ಷ ಬಾತ್ ಉಳಿತಾಯ ತೋರಿಸಬೇಕು. ದುಬಾರಿ ಎನಿಸಬಹುದು. ಗಡಿಯಿಂದ ಗಡಿಗೆ ಓಡಾಡುವ ಖರ್ಚು, ಭಯ ಎರಡನ್ನೂ ಸೇರಿಸಿದರೆ ಇದೇ ಅಗ್ಗ.

ದಿನ ಮೀರಿದರೆ

ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. ನಲವತ್ತು ದಿನಕ್ಕೆ ಆ ಗರಿಷ್ಠ ಮುಟ್ಟುತ್ತದೆ, ಆಮೇಲೆ ಎಷ್ಟು ದಿನವಾದರೂ ಅಷ್ಟೇ ತಾನೇ ಎಂದು ಲೆಕ್ಕ ಹಾಕುವವರಿಗೆ ಮುಂದಿನ ಸಾಲು ಗೊತ್ತಿಲ್ಲ. 90 ದಿನ ಮೀರಿ ಇದ್ದವರು ತಾವಾಗಿ ಬಂದು ಹೊರಟರೂ ಒಂದು ವರ್ಷ ನಿಷೇಧ. ಒಂದು ವರ್ಷ ಮೀರಿದರೆ ಮೂರು, ಮೂರು ಮೀರಿದರೆ ಐದು, ಐದು ಮೀರಿದರೆ ಹತ್ತು ವರ್ಷ. ತಾವಾಗಿ ಬರದೆ ಪೊಲೀಸರ ಕೈಗೆ ಸಿಕ್ಕಿಬಿದ್ದರೆ, ಒಂದು ವರ್ಷದೊಳಗಿನ ಯಾವ ಅವಧಿಗೂ ಐದು ವರ್ಷ. ಅದಕ್ಕಿಂತ ಹೆಚ್ಚಾಗಿದ್ದರೆ ಹತ್ತು. ಒಂದೇ ವಾರ ಮೀರಿದ್ದರೂ ರಸ್ತೆಯ ತಪಾಸಣೆಯಲ್ಲಿ ಸಿಕ್ಕಿದವರಿಗೆ ಈ ಐದು ವರ್ಷದ ನಿಯಮವೇ ಅನ್ವಯ.

ಆದ್ದರಿಂದ ಮೀರಿಹೋಗಿದೆ ಎಂದು ಗೊತ್ತಾದ ಕ್ಷಣ ಬಚ್ಚಿಟ್ಟುಕೊಳ್ಳಬೇಡಿ. ಮೊದಲು ಸಿಕ್ಕ ವಿಮಾನಕ್ಕೆ ಟಿಕೆಟ್ ತೆಗೆದು, ದಂಡದ ಹಣ ಬಾತ್‌ನಲ್ಲೇ ನಗದಾಗಿ ಹಿಡಿದು, ಎರಡು ಗಂಟೆ ಹೆಚ್ಚು ಸಮಯ ಇಟ್ಟುಕೊಂಡು ವಿಮಾನ ನಿಲ್ದಾಣಕ್ಕೆ ಹೋಗಿ. ರಸೀದಿ ಪಡೆಯಿರಿ. ಆಸ್ಪತ್ರೆಯಲ್ಲಿ ಮಲಗಿ ದಿನ ಮೀರುವಂತಿದ್ದರೆ ವೈದ್ಯರ ಪತ್ರದೊಂದಿಗೆ ದಿನ ಮುಗಿಯುವ ಮೊದಲೇ ಯಾರನ್ನಾದರೂ ಇಮಿಗ್ರೇಷನ್ನಿಗೆ ಕಳಿಸಿ. ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ದೂರು, ಆಮೇಲೆ ಬ್ಯಾಂಕಾಕಿನ ಸುಖುಂವಿಟ್ ಸೊಯ್ 23ರಲ್ಲಿರುವ ಭಾರತೀಯ ರಾಯಭಾರ ಕಚೇರಿ, ಆಮೇಲೆ ಮತ್ತೆ ಇಮಿಗ್ರೇಷನ್. ಈ ಕೊನೆಯ ಹೆಜ್ಜೆ ಬಿಡಬಾರದು, ಹೊಸ ದಾಖಲೆಯಲ್ಲಿ ಪ್ರವೇಶದ ಮೊಹರು ಇರುವುದಿಲ್ಲವಲ್ಲ.

ಮರಳಿ ಕೆಂಪೇಗೌಡ ನಿಲ್ದಾಣದಲ್ಲಿ

ಥಾಯ್ಲೆಂಡಿಗೆ ಹೋದದ್ದು ಮನೆಯಲ್ಲಿ ಗೊತ್ತಾಗಬಾರದೆಂದು ಪಾಸ್‌ಪೋರ್ಟಿನ ಪುಟ ಹರಿದವರು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬಂಧನಕ್ಕೊಳಗಾಗಿದ್ದಾರೆ. ಪುಟ ಹರಿಯಬೇಡಿ, ಮೊಹರು ಅಳಿಸಬೇಡಿ, ಏನನ್ನೂ ಬರೆಯಬೇಡಿ. ಇನ್ನು, ಬ್ಯಾಂಕಾಕಿನಲ್ಲಿ ಪರಿಚಯವಾದವರು ಕೊಟ್ಟ ಚೀಲ, ಡಬ್ಬಿ, ತಿಂಡಿಯ ಪೊಟ್ಟಣ ಯಾವುದನ್ನೂ ತರಬೇಡಿ. ಹೈಡ್ರೋಪೋನಿಕ್ ಗಾಂಜಾ ಬ್ಯಾಂಕಾಕಿನ ವಿಮಾನದಿಂದ ಬಂದು ಬೆಂಗಳೂರಿನ ಕಸ್ಟಮ್ಸ್ ಕೈಗೆ ಸಿಗುವುದು ಮತ್ತೆ ಮತ್ತೆ ಸುದ್ದಿಯಾಗುತ್ತಿದೆ. ಅಲ್ಲಿ ಅಂಗಡಿಯಲ್ಲಿ ಕಂಡದ್ದು ಇಲ್ಲಿ ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ ಅಪರಾಧ. 'ನನ್ನದಲ್ಲ, ಕೊಟ್ಟದ್ದು' ಎಂಬ ಮಾತಿಗೆ ಜಾಮೀನು ಸಿಗುವುದಿಲ್ಲ.

ಕೆಲಸ, ಮತ್ತು ಮೇ ಸೊಟ್

ವೀಸಾ ಇಲ್ಲದೆ ಬಂದವರು ಅಲ್ಲಿ ಕೆಲಸ ಮಾಡಕೂಡದು. ಸಂಬಳ ಭಾರತದಲ್ಲಿ ಕೊಟ್ಟರೂ ಸರಿ, ಬರೀ ಊಟ ವಸತಿ ಕೊಟ್ಟರೂ ಸರಿ. ಪರವಾನಗಿ ಇಲ್ಲದೆ ದುಡಿದವರಿಗೆ 5,000ದಿಂದ 50,000 ಬಾತ್ ದಂಡ, ಗಡೀಪಾರು. ಫುಕೆಟ್, ಹುವಾ ಹಿನ್‌ನ ಮದುವೆಗಳಿಗೆ ಇಲ್ಲಿಂದ ಫೋಟೋಗ್ರಾಫರು, ಮೆಹಂದಿ ಹಾಕುವವರು, ಅಡುಗೆಯವರನ್ನು ಕರೆದೊಯ್ಯುವವರು ಅವರ ಪರವಾನಗಿಯ ಹೊಣೆಯನ್ನೂ ಹೊರಬೇಕು. ಪ್ರವಾಸಿ ಗೈಡ್ ಕೆಲಸ ಥಾಯ್ ಪ್ರಜೆಗಳಿಗೇ ಮೀಸಲು. ನಮ್ಮ ಟೂರ್ ಮ್ಯಾನೇಜರುಗಳು ಗುಂಪನ್ನು ಸಂಭಾಳಿಸಲಿ, ದೇವಸ್ಥಾನದೊಳಗೆ ಬಾವುಟ ಹಿಡಿದು ವಿವರಿಸಲು ಸ್ಥಳೀಯ ಗೈಡ್ ಇರಲಿ.

ಇನ್ನು ಮುಂದಿನದು ಪ್ರವಾಸಿಗಳಿಗಿಂತ ಕೆಲಸ ಹುಡುಕುವವರಿಗೆ, ಅವರ ತಂದೆತಾಯಿಗೆ.

'ಬ್ಯಾಂಕಾಕಿನಲ್ಲಿ ಡೇಟಾ ಎಂಟ್ರಿ', 'ಕಸ್ಟಮರ್ ಸಪೋರ್ಟ್', 'ಡಿಜಿಟಲ್ ಮಾರ್ಕೆಟಿಂಗ್'. ಸಂಬಳ ಇಲ್ಲಿನದಕ್ಕಿಂತ ಬಹಳ ಹೆಚ್ಚು, ಅನುಭವ ಬೇಡ, ಸಂದರ್ಶನ ಫೋನಿನಲ್ಲಿ, ಟಿಕೆಟ್ ಅವರದೇ, ವೀಸಾ ಬೇಕಿಲ್ಲ. ಹುಡುಗ ಬ್ಯಾಂಕಾಕಿನಲ್ಲಿ ಇಳಿಯುತ್ತಾನೆ, ಹೆಸರು ಬರೆದ ಹಲಗೆ ಹಿಡಿದು ಡ್ರೈವರ್ ನಿಂತಿರುತ್ತಾನೆ. ಕಾರು ನಗರದೊಳಗೆ ಹೋಗುವುದಿಲ್ಲ, ವಾಯವ್ಯಕ್ಕೆ ತಿರುಗುತ್ತದೆ. ಸುಮಾರು 500 ಕಿಲೋಮೀಟರ್ ದೂರದ ಮೇ ಸೊಟ್ ತಲುಪುವ ಹೊತ್ತಿಗೆ ಕತ್ತಲಾಗಿರುತ್ತದೆ. ಮುಂದೆ ಮೊಯ್ ನದಿ. ಆಚೆ ದಡ ಮ್ಯಾನ್ಮಾರಿನ ಮ್ಯಾವಾಡಿ. ದೋಣಿಯಲ್ಲಿ ದಾಟಿಸುತ್ತಾರೆ, ಠಾಣೆಯಿಲ್ಲ, ಮೊಹರಿಲ್ಲ. ಅಲ್ಲಿ ಕೆಕೆ ಪಾರ್ಕಿನಂಥ ಆವರಣಗಳಲ್ಲಿ ಪಾಸ್‌ಪೋರ್ಟ್ ಕಸಿದು, ಆನ್‌ಲೈನಿನಲ್ಲಿ ಜನರಿಗೆ ಮೋಸ ಮಾಡುವ ಕೆಲಸಕ್ಕೆ ಕೂರಿಸುತ್ತಾರೆ. ಒಪ್ಪದವರಿಗೆ ಹೊಡೆತ.

ಈ ಜಾಲದ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿತ್ತು. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳು ಮೇ ಸೊಟ್‌ನಿಂದ ಎರಡು ದಿನದಲ್ಲಿ 549 ಭಾರತೀಯರನ್ನು ಕರೆತಂದವು. ನವೆಂಬರಿನಲ್ಲಿ ಮತ್ತೆ ಹೋಗಬೇಕಾಯಿತು: ಕೆಕೆ ಪಾರ್ಕಿನ ಮೇಲೆ ದಾಳಿಯಾದಾಗ ತಪ್ಪಿಸಿಕೊಂಡು ನದಿ ದಾಟಿ ಬಂದವರಲ್ಲಿ 270 ಜನ ನವೆಂಬರ್ 6ರಂದು ಮರಳಿದರು. ಈಚೆ ದಡಕ್ಕೆ ಬಂದ ಮಾತ್ರಕ್ಕೆ ಅವರ ಕಷ್ಟ ತೀರಲಿಲ್ಲ. ಥಾಯ್ ಕಾನೂನಿನ ಕಣ್ಣಿನಲ್ಲಿ ಅವರು ಮೊಹರಿಲ್ಲದೆ ಒಳನುಗ್ಗಿದವರು. ವಲಸೆ ಕಾಯ್ದೆಯ ಉಲ್ಲಂಘನೆಯ ವಿಚಾರಣೆ ಮುಗಿಸಿಯೇ ಅವರು ವಿಮಾನ ಹತ್ತಿದ್ದು.

ಕೆಲಸಕ್ಕೆಂದು ವೀಸಾ ವಿನಾಯಿತಿಯಲ್ಲಿ ಹೋಗಬೇಡಿ, ಯಾರನ್ನೂ ಕಳಿಸಬೇಡಿ. ನಿಜವಾದ ಕಂಪನಿ ಕೆಲಸದ ವೀಸಾ ಕೊಡಿಸದೆ ಕರೆಯುವುದಿಲ್ಲ. ಏಜೆಂಟರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೇ ನೋಡಿ. ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ಎಂದಿದ್ದವರು ಉದ್ಯೋಗಕ್ಕೆ ಥಾಯ್ಲೆಂಡಿಗೆ ಹೊರಡಲು ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕೇ ಬೇಕು. ಅದು ಬೇಡ, ಪ್ರವಾಸಿ ಎಂದು ಹೇಳು ಎನ್ನುವವನು ನಿಮ್ಮನ್ನು ಮಾರುತ್ತಿದ್ದಾನೆ. ಬ್ಯಾಂಕಾಕಿನಲ್ಲಿ ಇಳಿದ ಮೇಲೆ ಅನುಮಾನ ಬಂದರೆ ನಿಲ್ದಾಣದ ಹೊರಗೆ ಹೋಗಬೇಡಿ, ಕಾರು ಹತ್ತಬೇಡಿ. ಹತ್ತಿದ್ದರೆ ಪೆಟ್ರೋಲ್ ಬಂಕಿನಲ್ಲಿ, ಊಟಕ್ಕೆ ನಿಂತಲ್ಲಿ ಇಳಿದು ಜನರ ನಡುವೆ ನಿಲ್ಲಿ. ಪ್ರವಾಸಿ ಪೊಲೀಸರ ನಂಬರು 1155, ಇಂಗ್ಲಿಷಿನಲ್ಲಿ ಮಾತಾಡಬಹುದು. ಇಮಿಗ್ರೇಷನ್ನಿನದು 1178. ಭಾರತೀಯ ರಾಯಭಾರ ಕಚೇರಿಯ ತುರ್ತು ನಂಬರನ್ನು ಇಲ್ಲಿಂದ ಹೊರಡುವಾಗಲೇ ಬರೆದುಕೊಂಡಿರಿ.

ಮನೆಯಲ್ಲಿರುವವರು ದಿನಕ್ಕೊಮ್ಮೆ ಲೊಕೇಶನ್ ಕೇಳಿ. ಮಗ, ಮಗಳು, ತಮ್ಮ ಯಾರೇ ಆಗಲಿ, ಬ್ಯಾಂಕಾಕಿಗೆಂದು ಹೋದವರ ಫೋನಿನಲ್ಲಿ ಮೇ ಸೊಟ್ ಎಂಬ ಹೆಸರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ನದಿ ದಾಟುವ ಮುಂಚೆ ಥಾಯ್ ಪೊಲೀಸರು ತಡೆಯಬಲ್ಲರು, ದಾಟಿದ ಮೇಲೆ ಅವರ ಕೈಯಲ್ಲಿ ಏನೂ ಇಲ್ಲ. ಆ ಕ್ಷಣವೇ ರಾಯಭಾರ ಕಚೇರಿಗೆ ಕರೆ ಮಾಡಿ.